ರಾ ಫೋಟೊ ತೆರೆದೊಡನೆ ಮಂಕಾಗುವುದೇಕೆ? ಎಕ್ಸ್‌ಪೋಷರ್ ಹೊಂದಿಸುವ ಕ್ರಮ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಚೆನ್ನಾಗಿ ಕಂಡ ರಾ ಫೋಟೊವನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಫೋಟೊ) ಕಂಪ್ಯೂಟರಿನಲ್ಲಿ ತೆರೆದರೆ ಒಂದು ಕ್ಷಣ ಹಾಗೆಯೇ ಕಾಣಿಸಿ, ಮರುಕ್ಷಣ ಮಂಕಾಗುತ್ತದೆ. ಕೆಲವೊಮ್ಮೆ ಪೂರ್ತಿ ಕಪ್ಪಿಟ್ಟುಕೊಳ್ಳುತ್ತದೆ. ಕಾರ್ಡ್ ಕೆಟ್ಟಿದೆಯೇ, ಫೈಲ್ ಹಾಳಾಗಿದೆಯೇ, ತಂತ್ರಾಂಶವೇ ಸರಿಯಿಲ್ಲವೇ ಎಂದು ಕೇಳುವವರೇ ಹೆಚ್ಚು. ಬಹುಪಾಲು ಸಂದರ್ಭಗಳಲ್ಲಿ ಇವು ಯಾವುವೂ ಕಾರಣವಲ್ಲ. ರಾ ಫೈಲ್ ತೆರೆದಾಗ ನಿಮಗೆ ಕಾಣುವುದು ಫೈಲಿನಲ್ಲಿರುವ ಮಾಹಿತಿಗೆ ಯಾವುದೋ ಒಂದು ತಂತ್ರಾಂಶ ಮಾಡಿಕೊಟ್ಟ ಒಂದು ಅರ್ಥ ಮಾತ್ರ. ಆದ್ದರಿಂದ ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಏರಿಳಿಸುವ ಸ್ಲೈಡರಿಗೆ ಕೈ ಹಾಕುವ ಮೊದಲು ಫೈಲಿನಲ್ಲಿ ನಿಜವಾಗಿ ಎಷ್ಟು ಬೆಳಕು ದಾಖಲಾಗಿದೆ ಎಂದು ನೋಡಿಕೊಳ್ಳಬೇಕು. ಆ ನೋಡಿಕೊಳ್ಳುವ ಕ್ರಮವನ್ನೂ, ಅನಂತರ ಹೊಂದಿಸುವ ಕ್ರಮವನ್ನೂ ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲು ತಿಳಿದಿರಬೇಕಾದದ್ದು

ಕ್ಯಾಮೆರಾದ ಸೆನ್ಸರ್ ಮೇಲಿನ ಪ್ರತಿಯೊಂದು ಬಿಂದುವೂ ತನ್ನ ಮೇಲೆ ಬಿದ್ದ ಬೆಳಕನ್ನು ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಆ ಸಂಖ್ಯೆಗಳನ್ನು ಬಣ್ಣ, ಕಾಂಟ್ರಾಸ್ಟ್ ಮುಂತಾದ ಸಂಸ್ಕರಣೆಗೆ ಒಳಪಡಿಸದೆ ಇಟ್ಟ ಫೈಲೇ ರಾ. ಕ್ಯಾನನ್ನಿನ ಸಿಆರ್2 ಮತ್ತು ಸಿಆರ್3, ನಿಕಾನಿನ ಎನ್ಇಎಫ್, ಸೋನಿಯ ಎಆರ್‌ಡಬ್ಲ್ಯೂ, ಅಡೋಬಿಯ ಡಿಎನ್‌ಜಿ ಇವೆಲ್ಲ ಅದರ ಬೇರೆ ಬೇರೆ ರೂಪಗಳು. ಜೆಪೆಗ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲುಗಳಿದ್ದರೆ, 12 ಬಿಟ್ ರಾ ಫೈಲಿನಲ್ಲಿ 4,096 ಮೆಟ್ಟಿಲುಗಳೂ 14 ಬಿಟ್ ಫೈಲಿನಲ್ಲಿ 16,384 ಮೆಟ್ಟಿಲುಗಳೂ ಇರುತ್ತವೆ.

ಸೆನ್ಸರಿಗೆ ತಾನಾಗಿ ಬಣ್ಣ ಗೊತ್ತಾಗುವುದಿಲ್ಲ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರು 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ ಇಂದಿಗೂ ಬಹುತೇಕ ಸೆನ್ಸರುಗಳಲ್ಲಿ ಅರ್ಧ ಬಿಂದುಗಳ ಮೇಲೆ ಹಸಿರು, ಕಾಲು ಭಾಗದ ಮೇಲೆ ಕೆಂಪು, ಉಳಿದ ಕಾಲು ಭಾಗದ ಮೇಲೆ ನೀಲಿ ಫಿಲ್ಟರ್ ಇರುತ್ತದೆ. ಹೀಗೆ ಸಿಗುವ ಕೆಂಪು, ಹಸಿರು, ನೀಲಿ ಮಾಹಿತಿಯ ಒಂದೊಂದು ಪದರವನ್ನೂ ಚಾನೆಲ್ ಎನ್ನುತ್ತಾರೆ. ಈ ಮಾತು ಮುಂದೆ ಬೇಕಾಗುತ್ತದೆ.

ಇನ್ನೊಂದು ಪದ ಸ್ಟಾಪ್, ಅಥವಾ ಇವಿ. ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್ ಏರಿತು, ಅರ್ಧವಾದರೆ ಒಂದು ಸ್ಟಾಪ್ ಇಳಿಯಿತು. ಸೆನ್ಸರ್ ಬೆಳಕನ್ನು ಸರಳ ಅನುಪಾತದಲ್ಲಿ ಎಣಿಸುವುದರಿಂದ, 14 ಬಿಟ್ ಫೈಲಿನ ಅತ್ಯಂತ ಪ್ರಖರವಾದ ಒಂದು ಸ್ಟಾಪಿಗೇ 8,192 ಮೆಟ್ಟಿಲುಗಳು ಸಲ್ಲುತ್ತವೆ; ಅದರ ಕೆಳಗಿನ ಸ್ಟಾಪಿಗೆ 4,096, ಅದರ ಕೆಳಗಿನದಕ್ಕೆ 2,048, ಹೀಗೆ ಇಳಿಯುತ್ತಾ ನೆರಳಿನ ತಳಕ್ಕೆ ಬಂದಾಗ ಬೆರಳೆಣಿಕೆಯಷ್ಟೇ ಉಳಿದಿರುತ್ತವೆ. ನಮ್ಮ ಕಣ್ಣು ಹೀಗೆ ಎಣಿಸುವುದಿಲ್ಲ, ಅದು ಮಂದ ಬೆಳಕಿನ ವ್ಯತ್ಯಾಸಗಳಿಗೇ ಹೆಚ್ಚು ಸೂಕ್ಷ್ಮ. ಹಾಗಾಗಿ ರಾ ಸಂಖ್ಯೆಗಳನ್ನು ಇದ್ದಂತೆಯೇ ಪರದೆಗೆ ಸುರಿದರೆ ಚಿತ್ರ ಕತ್ತಲಾಗಿ ಕಾಣುತ್ತದೆ. ಪ್ರತಿಯೊಂದು ತಂತ್ರಾಂಶವೂ ಒಂದು ಟೋನ್ ಕರ್ವ್, ಎಂದರೆ ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಏರಿಳಿಸಿ ಹಂಚುವ ಗೆರೆಯೊಂದನ್ನು ಬಳಸಿ ಅದನ್ನು ಮೇಲೆತ್ತುತ್ತದೆ. ಎಷ್ಟು ಎತ್ತಬೇಕೆಂಬುದು ಆಯಾ ತಂತ್ರಾಂಶ ತಯಾರಕರ ತೀರ್ಮಾನ. ಎರಡು ತಂತ್ರಾಂಶಗಳಲ್ಲಿ ಒಂದೇ ಫೈಲ್ ಎರಡು ಬಗೆಯಾಗಿ ಕಾಣುವುದು ಇದರಿಂದಲೇ.

ಬೇಕಾಗುವ ಸಾಮಗ್ರಿ

ಉದಾಹರಣೆಗಾಗಿ ನಾನು ಡಾರ್ಕ್‌ಟೇಬಲ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಆರಿಸಿಕೊಂಡಿದ್ದೇನೆ. ಅದು ಲಿನಕ್ಸ್, ವಿಂಡೋಸ್ ಮತ್ತು ಮ್ಯಾಕ್ ಮೂರರಲ್ಲೂ ಕೆಲಸ ಮಾಡುತ್ತದೆ, ಮತ್ತು ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಬಳಕೆದಾರರಿಂದ ಮುಚ್ಚಿಡುವುದಿಲ್ಲ. ರಾಥೆರಪಿ ಅಥವಾ ಲೈಟ್‌ರೂಮ್ ಬಳಸುವವರಿಗೆ ಅಗತ್ಯವಿದ್ದ ಕಡೆ ಸಮಾನ ಆಯ್ಕೆಯನ್ನು ಸೂಚಿಸಿದ್ದೇನೆ. ಆವೃತ್ತಿ ಬದಲಾದಂತೆ ಗುಂಡಿಗಳ ಜಾಗ ಬದಲಾಗಬಹುದು, ಕ್ರಮ ಬದಲಾಗದು.

ಇದಲ್ಲದೆ, ಅಭ್ಯಾಸಕ್ಕಾಗಿ ನಿಮ್ಮದೇ ಎರಡು ರಾ ಫೈಲುಗಳನ್ನು ಆರಿಸಿಕೊಳ್ಳಿ: ಒಂದು ಬಿಸಿಲಿನಲ್ಲಿ ತೆಗೆದ, ಬಿಳಿಯ ವಸ್ತುವಿರುವ ಚಿತ್ರ, ಇನ್ನೊಂದು ಕತ್ತಲು ಹೆಚ್ಚಿರುವ ಚಿತ್ರ. ರಾ ಫೈಲಿನೊಳಗೆ ಈ ತಂತ್ರಾಂಶಗಳು ಚಿತ್ರದ ಮಾಹಿತಿಯನ್ನು ತಿದ್ದುವುದಿಲ್ಲ, ನಿಮ್ಮ ಬದಲಾವಣೆಗಳನ್ನು ಪ್ರತ್ಯೇಕವಾಗಿ ಬರೆದಿಡುತ್ತವೆ. ಆದ್ದರಿಂದ ಧೈರ್ಯವಾಗಿ ಪ್ರಯೋಗಿಸಬಹುದು. ಆದರೂ ಮೂಲ ಫೈಲುಗಳ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳದೆ ಯಾವ ಕೆಲಸವನ್ನೂ ಆರಂಭಿಸಬೇಡಿ.

1. ಪರದೆಯನ್ನು ಸರಿಪಡಿಸಿಕೊಳ್ಳಿ

ಲ್ಯಾಪ್‌ಟಾಪಿನ ಪರದೆಯ ಬೆಳಕು ಪೂರ್ತಿ ಏರಿಸಿಕೊಂಡು ಕುಳಿತವರಿಗೆ ಎಲ್ಲ ಫೋಟೊಗಳೂ ಪ್ರಕಾಶಮಾನವಾಗಿಯೇ ಕಾಣುತ್ತವೆ. ಅವರು ಎಕ್ಸ್‌ಪೋಷರ್ ಇಳಿಸುತ್ತಾರೆ, ಪ್ರಿಂಟ್ ಹಾಕಿಸಿದಾಗ ಚಿತ್ರ ಕಪ್ಪಾಗಿ ಬರುತ್ತದೆ. ಸಾಧಾರಣ ಬೆಳಕಿನ ಕೋಣೆಯಲ್ಲಿ ಪರದೆಯ ಬೆಳಕು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಇರಬೇಕೆಂಬುದು ರೂಢಿಯಲ್ಲಿರುವ ಮಟ್ಟ. ಅಳೆಯುವ ಉಪಕರಣವಿಲ್ಲದವರು ಪರದೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನು ಹಿಡಿದು, ಪರದೆಯಲ್ಲಿ ತೆರೆದ ಖಾಲಿ ಬಿಳಿ ಪುಟವು ಆ ಹಾಳೆಯಷ್ಟೇ ಬೆಳ್ಳಗೆ ಕಾಣುವವರೆಗೆ ಬೆಳಕನ್ನು ಇಳಿಸಿಕೊಳ್ಳಬಹುದು. ಇದು ಒರಟು ವಿಧಾನ, ಆದರೆ ಏನೂ ಮಾಡದಿರುವುದಕ್ಕಿಂತ ಎಷ್ಟೋ ಮೇಲು.

ಎರಡು ಆಯ್ಕೆಗಳನ್ನು ತಪ್ಪದೆ ನಿಲ್ಲಿಸಿರಿ: ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯನ್ನು ತಾನಾಗಿ ಬದಲಿಸುವ ಆಯ್ಕೆ, ಮತ್ತು ರಾತ್ರಿ ವೇಳೆ ಪರದೆಯನ್ನು ಹಳದಿಗೆ ತಿರುಗಿಸುವ ಆಯ್ಕೆ. ಕಿಟಕಿಯ ಬಿಸಿಲು ನೇರವಾಗಿ ಪರದೆಗೆ ಬೀಳುತ್ತಿದ್ದರೆ ಆ ಹೊತ್ತಿನಲ್ಲಿ ನೆರಳಿನ ಭಾಗಗಳ ಬಗ್ಗೆ ಯಾವ ತೀರ್ಮಾನವನ್ನೂ ಮಾಡಬೇಡಿ.

2. ನೀವು ನೋಡುತ್ತಿರುವುದು ಯಾವ ಚಿತ್ರ ಎಂದು ಗುರುತಿಸಿ

ಬಹುತೇಕ ಪ್ರತಿ ರಾ ಫೈಲಿನ ಹೊಟ್ಟೆಯಲ್ಲಿ ಕ್ಯಾಮೆರಾ ತಾನೇ ತಯಾರಿಸಿದ ಒಂದು ಜೆಪೆಗ್ ಮುನ್ನೋಟ ಇರುತ್ತದೆ. ಕ್ಯಾಮೆರಾದ ಪರದೆ ತೋರಿಸುವುದು ಅದನ್ನೇ. ಅಲ್ಲಿನ ಹಿಸ್ಟೋಗ್ರಾಮ್, ಎಂದರೆ ಯಾವ ಪ್ರಕಾಶದ ಬಿಂದುಗಳು ಎಷ್ಟಿವೆ ಎಂದು ತೋರಿಸುವ ನಕ್ಷೆ, ಅದರಿಂದಲೇ ಲೆಕ್ಕ ಹಾಕಿದ್ದು. ಅನೇಕ ಫೋಟೊ ವೀಕ್ಷಕ ತಂತ್ರಾಂಶಗಳೂ ಬೇಗ ತೋರಿಸಬೇಕೆಂಬ ಕಾರಣಕ್ಕೆ ಆ ಮುನ್ನೋಟವನ್ನೇ ಮುಂದಿಡುತ್ತವೆ. ಡಾರ್ಕ್‌ಟೇಬಲಿನಲ್ಲಿ ಫೋಟೊಗಳ ಸಾಲು ಕಾಣುವ ಲೈಟ್‌ಟೇಬಲ್ ನೋಟದಲ್ಲಿ ಮೊದಲಿಗೆ ಕಾಣುವುದು ಇದೇ. ನೀವು ಡಾರ್ಕ್‌ರೂಮ್ ನೋಟಕ್ಕೆ ಹೋದೊಡನೆ ತಂತ್ರಾಂಶವು ಮುನ್ನೋಟವನ್ನು ಪಕ್ಕಕ್ಕಿಟ್ಟು, ರಾ ಸಂಖ್ಯೆಗಳಿಂದ ತನ್ನದೇ ಚಿತ್ರವನ್ನು ಕಟ್ಟುತ್ತದೆ. ಒಂದು ಕ್ಷಣದ ನಂತರ ಫೋಟೊ ಬದಲಾದಂತೆ ಕಾಣುವುದು ಈ ಅದಲುಬದಲಿನಿಂದ.

ಬದಲಾವಣೆ ಸ್ವಲ್ಪವೇ ಇದ್ದರೆ ಚಿಂತೆಯಿಲ್ಲ. ಚಿತ್ರ ಒಂದೆರಡು ಸ್ಟಾಪುಗಳಷ್ಟು ಕಪ್ಪಾದರೆ ನಿಮ್ಮ ಕ್ಯಾಮೆರಾದ ಮೆನು ನೋಡಿ. ಕ್ಯಾನನ್ನಿನ ಹೈಲೈಟ್ ಟೋನ್ ಪ್ರಯಾರಿಟಿ, ಫ್ಯೂಜಿಫಿಲ್ಮಿನ ಡಿಆರ್ 200 ಮತ್ತು ಡಿಆರ್ 400, ನಿಕಾನಿನ ಆ್ಯಕ್ಟಿವ್ ಡಿ-ಲೈಟಿಂಗ್ ಇವು ಪ್ರಖರ ಭಾಗಗಳನ್ನು ಉಳಿಸುವ ಸಲುವಾಗಿ ಬೇಕೆಂದೇ ಕಡಿಮೆ ಬೆಳಕನ್ನು ದಾಖಲಿಸಿ, ಆಮೇಲೆ ಜೆಪೆಗ್ ತಯಾರಿಸುವಾಗ ಮಧ್ಯದ ಛಾಯೆಗಳನ್ನು ಎತ್ತಿಕೊಳ್ಳುತ್ತವೆ. ಡಿಆರ್ 200ರಲ್ಲಿ ಈ ಕಡಿತ ಒಂದು ಸ್ಟಾಪ್, ಡಿಆರ್ 400ರಲ್ಲಿ ಎರಡು. ಕ್ಯಾಮೆರಾ ತಯಾರಕರ ತಂತ್ರಾಂಶ ಇದನ್ನು ಅರಿತು ಸರಿದೂಗಿಸುತ್ತದೆ, ಉಳಿದವು ಎಲ್ಲವೂ ಸರಿದೂಗಿಸುವುದಿಲ್ಲ. ರಾ ಫೈಲನ್ನೇ ಸಂಸ್ಕರಿಸುವವರಿಗೆ ಈ ಆಯ್ಕೆಗಳಿಂದ ದೊಡ್ಡ ಪ್ರಯೋಜನವಿಲ್ಲವೆಂಬುದು ನನ್ನ ಅಭಿಪ್ರಾಯ. ಅದೇ ಬೆಳಕನ್ನು ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿಯಿಂದ ನೀವೇ ತಿಳಿದು ಕಡಿಮೆ ಮಾಡಬಹುದು.

ಫೋನಿನ ರಾ ಫೈಲುಗಳ ಬಗ್ಗೆ ಒಂದು ಮಾತು. ಆ್ಯಪಲ್ ಸಂಸ್ಥೆ 2020ರಲ್ಲಿ ತಂದ ಪ್ರೊರಾ ಹಲವು ಫ್ರೇಮುಗಳನ್ನು ಸೇರಿಸಿ ಆಗಲೇ ಅರ್ಧ ಸಂಸ್ಕರಿಸಿದ ಡಿಎನ್‌ಜಿ. ಅದಕ್ಕೆ ಕೆಳಗಿನ ಎಲ್ಲ ಹಂತಗಳೂ ಯಥಾವತ್ತಾಗಿ ಒಪ್ಪುವುದಿಲ್ಲ.

3. ತಾನಾಗಿ ಬೆಳಕು ಏರಿಸುವ ಆಯ್ಕೆಯನ್ನು ನಿಲ್ಲಿಸಿ

ಫೋಟೊ ಕಪ್ಪಾಗುವುದಕ್ಕಿಂತ ಅಪಾಯಕಾರಿಯಾದದ್ದು ಫೋಟೊ ಸುಳ್ಳೇ ಚೆನ್ನಾಗಿ ಕಾಣುವುದು. ಡೇವ್ ಕಾಫಿನ್ ಅವರು 1997ರಲ್ಲಿ ಬರೆಯಲಾರಂಭಿಸಿದ ಡಿಸಿರಾ ಎಂಬ ಪುಟ್ಟ ತಂತ್ರಾಂಶದ ಸಂತತಿ ಇಂದು ಎಷ್ಟೋ ವೀಕ್ಷಕ ತಂತ್ರಾಂಶಗಳ ಒಳಗೆ ಕೆಲಸ ಮಾಡುತ್ತಿದೆ. ಬೇಡವೆಂದು ಹೇಳದ ಹೊರತು ಡಿಸಿರಾ ಚಿತ್ರದ ಶೇ 1ರಷ್ಟು ಬಿಂದುಗಳು ಪೂರ್ತಿ ಬಿಳಿಯಾಗುವವರೆಗೆ ಬೆಳಕನ್ನು ತಾನಾಗಿ ಏರಿಸುತ್ತದೆ. ಇಂಥ ವೀಕ್ಷಕದಲ್ಲಿ ಮೂರು ಸ್ಟಾಪ್ ಕಡಿಮೆ ಬೆಳಕಿನ ಫೋಟೊ ಕೂಡ ಸರಿಯಾಗಿ ತೆಗೆದದ್ದರಂತೆಯೇ ಕಾಣುತ್ತದೆ. ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ ತೆಗೆದ ಐದು ಫೋಟೊಗಳಲ್ಲಿ ಉತ್ತಮವಾದದ್ದನ್ನು ಆರಿಸಲು ಕುಳಿತವರಿಗೆ ಐದೂ ಒಂದೇ ರೀತಿ ಕಂಡರೆ ಆಯ್ಕೆ ಮಾಡುವುದು ಹೇಗೆ?

ಆದ್ದರಿಂದ ನಿಮ್ಮ ತಂತ್ರಾಂಶದಲ್ಲಿ ಆಟೊ ಎಕ್ಸ್‌ಪೋಷರ್, ಆಟೊ ಬ್ರೈಟ್‌ನೆಸ್, ಆಟೊ ಲೆವೆಲ್ಸ್ ಎಂಬ ಹೆಸರಿನ ಆಯ್ಕೆಗಳಿದ್ದರೆ ಮೊದಲು ಅವನ್ನು ನಿಲ್ಲಿಸಿ. ರಾಥೆರಪಿಯಲ್ಲಿ ನ್ಯೂಟ್ರಲ್ ಎಂಬ ಪ್ರೊಫೈಲ್ ಆರಿಸಿದರೆ ಅದರ ಎಲ್ಲ ಸ್ವಯಂ ತಿದ್ದುಪಡಿಗಳೂ ಕಳಚಿಹೋಗುತ್ತವೆ.

ಡಾರ್ಕ್‌ಟೇಬಲಿನಲ್ಲಿ ಎಕ್ಸ್‌ಪೋಷರ್ ಮಾಡ್ಯೂಲ್, ಎಂದರೆ ಆ ಕೆಲಸಕ್ಕಾಗಿಯೇ ಇರುವ ಉಪಕರಣ, ಫೈಲ್ ತೆರೆದಾಗಲೇ ಚಾಲೂ ಆಗಿರುತ್ತದೆ. ಸೀನ್-ರೆಫರ್ಡ್ ಎಂಬ ಈಗಿನ ಕಾರ್ಯವಿಧಾನದಲ್ಲಿ ಅದು +0.7 ಇವಿಯಷ್ಟು ಬೆಳಕನ್ನು ಆರಂಭದಲ್ಲೇ ಕೂಡಿಸಿಕೊಂಡಿರುತ್ತದೆ. ಅದೇ ಮಾಡ್ಯೂಲಿನಲ್ಲಿ ಕ್ಯಾಮೆರಾ ಎಕ್ಸ್‌ಪೋಷರನ್ನು ಸರಿದೂಗಿಸುವ ಒಂದು ಚೌಕವಿದೆ. ಅದಕ್ಕೆ ಗುರುತು ಬಿದ್ದಿದ್ದರೆ, ಫೋಟೊ ತೆಗೆಯುವಾಗ ನೀವು ಕಾಂಪೆನ್ಸೇಷನ್ ಗುಂಡಿಯಿಂದ ಒಂದು ಸ್ಟಾಪ್ ಇಳಿಸಿದ್ದನ್ನು ತಂತ್ರಾಂಶ ಒಂದು ಸ್ಟಾಪ್ ಏರಿಸಿ ತೋರಿಸುತ್ತದೆ. ಸೂರ್ಯಾಸ್ತದ ಕಪ್ಪು ಆಕೃತಿಗಾಗಿ ಬೇಕೆಂದೇ ಬೆಳಕು ಇಳಿಸಿದವರಿಗೆ ಇದರಿಂದ ಗೊಂದಲವಾಗುವುದು ಸಹಜ. ಈ ಸಂಖ್ಯೆಗಳನ್ನು ಅಳಿಸಲೇಬೇಕೆಂದೇನಿಲ್ಲ. ಅಲ್ಲಿ ಇವೆಯೆಂದು ತಿಳಿದಿದ್ದರೆ ಸಾಕು.

4. ವೈಟ್ ಬ್ಯಾಲೆನ್ಸ್ ಮೊದಲು, ಎಕ್ಸ್‌ಪೋಷರ್ ಅನಂತರ

ವೈಟ್ ಬ್ಯಾಲೆನ್ಸ್ ಎಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿಸುವ ಲೆಕ್ಕ. ತಂತ್ರಾಂಶ ಅದನ್ನು ಮಾಡುವುದು ಚಾನೆಲುಗಳನ್ನು ಗುಣಿಸುವ ಮೂಲಕ. ಹಗಲು ಬೆಳಕಿನಲ್ಲಿ ಹಸಿರನ್ನು 1 ಎಂದು ಇಟ್ಟುಕೊಂಡರೆ, ಅನೇಕ ಕ್ಯಾಮೆರಾಗಳಲ್ಲಿ ಕೆಂಪನ್ನು ಸುಮಾರು 2ರಿಂದ, ನೀಲಿಯನ್ನು ಸುಮಾರು ಒಂದೂವರೆಯಿಂದ ಗುಣಿಸಬೇಕಾಗುತ್ತದೆ. ಎಂದರೆ ವೈಟ್ ಬ್ಯಾಲೆನ್ಸ್ ಬದಲಿಸಿದೊಡನೆ ಕೆಂಪು ಮತ್ತು ನೀಲಿ ಚಾನೆಲುಗಳ ಎಕ್ಸ್‌ಪೋಷರ್ ಕೂಡ ಬದಲಾದಂತೆಯೇ ಆಯಿತು. ಎಕ್ಸ್‌ಪೋಷರನ್ನು ನಾಜೂಕಾಗಿ ಹೊಂದಿಸಿ, ಆಮೇಲೆ ವೈಟ್ ಬ್ಯಾಲೆನ್ಸ್ ತಿದ್ದಿದರೆ ಮಾಡಿದ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಈ ಹಂತದಲ್ಲಿ ಬಣ್ಣ ಅಚ್ಚುಕಟ್ಟಾಗಬೇಕಿಲ್ಲ, ಬೆಳಕಿನ ಬಗೆಗೆ ಹತ್ತಿರವಾಗಿದ್ದರೆ ಆಯಿತು.

5. ಫೈಲಿನಲ್ಲಿ ನಿಜವಾಗಿ ಏನು ತುಂಬಿ ಹೋಗಿದೆ ಎಂದು ನೋಡಿ

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ, ಎಲ್ಲರೂ ಬಿಟ್ಟು ಮುಂದೆ ಹೋಗುವ ಹಂತ ಇದು. ಸೇರು ತುಂಬಿದ ಮೇಲೆ ಸುರಿದ ಅಕ್ಕಿಗೆ ಹೇಗೆ ಲೆಕ್ಕವಿಲ್ಲವೋ ಹಾಗೆ, ಸೆನ್ಸರಿನ ಬಿಂದು ತನ್ನ ಗರಿಷ್ಠ ಸಂಖ್ಯೆಯನ್ನು ಮುಟ್ಟಿದ ಮೇಲೆ ಬಿದ್ದ ಬೆಳಕಿಗೆ ದಾಖಲೆಯಿಲ್ಲ. ಇದನ್ನು ಕ್ಲಿಪ್ ಆಗುವುದು ಎನ್ನುತ್ತಾರೆ. ಆದರೆ ಕ್ಲಿಪ್ ಆಗುವುದರಲ್ಲಿ ಎರಡು ಬಗೆ. ಒಂದು, ರಾ ಫೈಲಿನಲ್ಲೇ ತುಂಬಿ ಹೋದದ್ದು; ಅದನ್ನು ಯಾವ ಸ್ಲೈಡರೂ ಮರಳಿ ತರಲಾರದು. ಇನ್ನೊಂದು, ರಾ ಫೈಲಿನಲ್ಲಿ ಜಾಗವಿದ್ದರೂ ತಂತ್ರಾಂಶದ ಟೋನ್ ಕರ್ವ್ ಅಥವಾ ವೈಟ್ ಬ್ಯಾಲೆನ್ಸಿನ ಗುಣಾಕಾರದಿಂದ ಪರದೆಯ ಮೇಲೆ ಮಾತ್ರ ತುಂಬಿದಂತೆ ಕಾಣುವುದು; ಅದು ಪೂರ್ತಿ ನಿಮ್ಮ ಕೈಯಲ್ಲಿದೆ. ಸಾಮಾನ್ಯ ಹಿಸ್ಟೋಗ್ರಾಮಿನಲ್ಲಿ ಎರಡೂ ಒಂದೇ ರೀತಿ ಬಲತುದಿಗೆ ಒತ್ತಿಕೊಂಡಂತೆ ಕಾಣುತ್ತವೆ.

ಡಾರ್ಕ್‌ಟೇಬಲಿನ ಡಾರ್ಕ್‌ರೂಮಿನಲ್ಲಿ ಚಿತ್ರದ ಕೆಳಗಿನ ಗುಂಡಿಗಳ ಸಾಲಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಗುಂಡಿಗಳಿವೆ. ರಾ ಓವರ್‌ಎಕ್ಸ್‌ಪೋಸ್ಡ್ ಎಂಬ ಸೂಚಕವನ್ನು ಒತ್ತಿದರೆ, ಸೆನ್ಸರಿನಲ್ಲೇ ಯಾವ ಚಾನೆಲ್ ತುಂಬಿದೆಯೋ ಅದೇ ಬಣ್ಣದ ಗುರುತು ಆ ಜಾಗದಲ್ಲಿ ಮೂಡುವಂತೆ ಮಾಡಬಹುದು. ರಾಥೆರಪಿಯಲ್ಲಿ ಹಿಸ್ಟೋಗ್ರಾಮನ್ನು ರಾ ವಿಧಾನಕ್ಕೆ ಬದಲಿಸುವ ಗುಂಡಿಯಿದೆ. ಫಾಸ್ಟ್‌ರಾವ್ಯೂವರ್ ಎಂಬ ವೀಕ್ಷಕವಂತೂ ಈ ಕೆಲಸಕ್ಕಾಗಿಯೇ ರೂಪುಗೊಂಡದ್ದು. ಲೈಟ್‌ರೂಮಿನ ಹಿಸ್ಟೋಗ್ರಾಮ್ ಸಂಸ್ಕರಿಸಿದ ಚಿತ್ರದ್ದು, ರಾ ಸಂಖ್ಯೆಗಳದ್ದಲ್ಲ. ಅಲ್ಲಿ ಒಂದು ಪರೀಕ್ಷೆ ಮಾಡಬಹುದು: ಎಕ್ಸ್‌ಪೋಷರನ್ನು -2ರಿಂದ -3ರವರೆಗೆ, ಹೈಲೈಟ್ಸ್ ಸ್ಲೈಡರನ್ನು -100ಕ್ಕೆ ಇಳಿಸಿ. ಬಿಳಿಯ ಭಾಗದಲ್ಲಿ ನೇಯ್ಗೆ, ಗೆರೆ, ಗರಿಯ ಎಳೆ ಕಾಣಿಸಿಕೊಂಡರೆ ಮಾಹಿತಿ ಇದೆ. ಒಂದೇ ಸಮನಾದ ಬೂದು ತೇಪೆಯಾಗಿ ಉಳಿದರೆ ಅಲ್ಲಿ ಏನೂ ಇಲ್ಲ. ನೋಡಿದ ಮೇಲೆ ಸ್ಲೈಡರುಗಳನ್ನು ಸೊನ್ನೆಗೆ ತನ್ನಿ.

ಒಂದು ಫೋಟೊವನ್ನು ಹತ್ತಿರದಿಂದ ನೋಡೋಣ. ರಂಗನತಿಟ್ಟಿನಲ್ಲಿ ಬೆಳಗಿನ ಬಿಸಿಲಿಗೆ ಬಂಡೆಯ ಮೇಲೆ ನಿಂತ ಬೆಳ್ಳಕ್ಕಿ. ಹಿಂದೆ ಕಾವೇರಿಯ ಕಡುಹಸಿರು ನೀರು. ಚೌಕಟ್ಟಿನ ಬಹುಭಾಗ ಕಪ್ಪು ನೀರೇ ಆದ್ದರಿಂದ ಕ್ಯಾಮೆರಾದ ಮೀಟರ್ ಬೆಳಕು ಸಾಲದೆಂದು ತಿಳಿದು ಎಕ್ಸ್‌ಪೋಷರನ್ನು ಏರಿಸಿದೆ. ರಾ ಸೂಚಕವನ್ನು ಒತ್ತಿ, ಚಿತ್ರವನ್ನು ಶೇ 100ಕ್ಕೆ ಹಿಗ್ಗಿಸಿ ಹಕ್ಕಿಯ ಮೈಮೇಲೆ ಸಾಗಿದರೆ ಮೂರು ಪ್ರದೇಶಗಳು ಕಾಣುತ್ತವೆ. ಕತ್ತಿನ ನೆರಳಿನ ಬದಿಯಲ್ಲಿ ಯಾವ ಗುರುತೂ ಇಲ್ಲ. ರೆಕ್ಕೆಯ ಉದ್ದಕ್ಕೂ, ನವಿರಾದ ಗರಿಗಳ ಅಂಚಿನಲ್ಲಿ, ಹಸಿರು ಗುರುತುಗಳಿವೆ: ಹಗಲು ಬೆಳಕಿನಲ್ಲಿ ಸೆನ್ಸರ್ ಹಸಿರನ್ನೇ ಹೆಚ್ಚು ಗ್ರಹಿಸುವುದರಿಂದ ಬಿಳಿಯ ವಸ್ತುವಿನಲ್ಲಿ ಮೊದಲು ತುಂಬುವುದು ಆ ಚಾನೆಲ್, ಕೆಂಪು ಮತ್ತು ನೀಲಿ ಇನ್ನೂ ತುಂಬಿಲ್ಲ. ಬಿಸಿಲು ನೇರವಾಗಿ ಹೊಡೆದ ಹೆಗಲ ಮೇಲೆ, ಅಂಗೈಯ ಒಂದು ಮೂಲೆಯಷ್ಟು ಜಾಗದಲ್ಲಿ, ಮೂರೂ ಚಾನೆಲುಗಳು ತುಂಬಿವೆ.

ಹೆಗಲಿನ ಆ ತುಣುಕು ಹೋಯಿತು. ರೆಕ್ಕೆ ಮಾತ್ರ ಹೋಗಿಲ್ಲ. ಉಳಿದ ಎರಡು ಚಾನೆಲುಗಳ ಆಧಾರದಿಂದ ಹಸಿರನ್ನು ಅಂದಾಜಿಸಲು ಡಾರ್ಕ್‌ಟೇಬಲಿನಲ್ಲಿ ಹೈಲೈಟ್ ರೀಕನ್‌ಸ್ಟ್ರಕ್ಷನ್ ಎಂಬ ಮಾಡ್ಯೂಲ್ ಇದೆ. ಅದು ಚಾಲೂ ಇರಲಿ. ಅದನ್ನು ನಿಲ್ಲಿಸಿದರೆ ಅಥವಾ ಕ್ಲಿಪ್ ಆಗುವ ಮಟ್ಟವನ್ನು ತಪ್ಪಾಗಿ ಹೊಂದಿಸಿದರೆ ರೆಕ್ಕೆಯ ಮೇಲೆ ಗುಲಾಬಿ ಛಾಯೆ ಹರಡುತ್ತದೆ. ಹಸಿರು 1ಕ್ಕೇ ನಿಂತುಬಿಟ್ಟಿದ್ದು, ಕೆಂಪು ಮತ್ತು ನೀಲಿ ಮಾತ್ರ ವೈಟ್ ಬ್ಯಾಲೆನ್ಸಿನ ಗುಣಾಕಾರದಿಂದ ಅದನ್ನು ದಾಟಿ ಮೇಲೇರುವುದೇ ಈ ಗುಲಾಬಿಗೆ ಕಾರಣ. ಬಿಳಿ ಮೋಡ, ಪಂಚೆ, ಸುಣ್ಣ ಬಳಿದ ಗೋಡೆ ಎಲ್ಲೇ ಈ ಗುಲಾಬಿ ಕಂಡರೂ ಬಣ್ಣದ ಸ್ಲೈಡರಿನಿಂದ ತಿದ್ದಲು ಹೋಗದೆ ಈ ಮಾಡ್ಯೂಲನ್ನು ಪರಿಶೀಲಿಸಿ.

ವಿರುದ್ಧ ಅನುಭವವೂ ಆಗುತ್ತದೆ. ಹಗಲಿನಲ್ಲಿ ತೆಗೆದ ಕಡುಗೆಂಪು ದಾಸವಾಳದ ಫೋಟೊದಲ್ಲಿ ಕ್ಯಾಮೆರಾದ ಹಿಸ್ಟೋಗ್ರಾಮಿನ ಕೆಂಪು ಗೆರೆ ಬಲತುದಿಗೆ ಬಡಿದು ನಿಂತಿರುತ್ತದೆ, ದಳಗಳೆಲ್ಲ ಒಂದೇ ಮುದ್ದೆಯಾಗಿರುತ್ತವೆ. ರಾ ಸೂಚಕ ಒತ್ತಿದರೆ ಒಂದು ಗುರುತೂ ಇರುವುದಿಲ್ಲ. ಅಲ್ಲಿ ತುಂಬಿದ್ದು ಗುಣಿಸಿದ ಮೇಲಿನ ಕೆಂಪು, ಸೆನ್ಸರಿನ ಕೆಂಪಲ್ಲ. ಇಂಥ ಫೋಟೊವನ್ನು ಸುಟ್ಟುಹೋಗಿದೆಯೆಂದು ಅಳಿಸಿಬಿಟ್ಟವರು ಬಹಳ ಮಂದಿ. ಅಳಿಸುವ ಮೊದಲು ಈ ಒಂದು ಗುಂಡಿಯನ್ನು ಒತ್ತಿ ನೋಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

6. ಮಧ್ಯದ ಛಾಯೆಗೆ ಎಕ್ಸ್‌ಪೋಷರ್ ಹೊಂದಿಸಿ

ಈಗ ಸ್ಲೈಡರಿನ ಸರದಿ. ಎಕ್ಸ್‌ಪೋಷರ್ ಸ್ಲೈಡರ್ ಮೂಲತಃ ಒಂದು ಗುಣಾಕಾರ. ಡಾರ್ಕ್‌ಟೇಬಲಿನಲ್ಲಿ +1 ಎಂದರೆ ಎಲ್ಲ ಸಂಖ್ಯೆಗಳೂ ಇಮ್ಮಡಿ, -1 ಎಂದರೆ ಅರ್ಧ. ಅದನ್ನು ಚಿತ್ರದ ಅತ್ಯಂತ ಪ್ರಖರ ಭಾಗವನ್ನು ನೋಡಿ ಹೊಂದಿಸಬಾರದು. ಚಿತ್ರದ ಮುಖ್ಯ ವಸ್ತುವಿನ ಮಧ್ಯದ ಛಾಯೆಯನ್ನು ನೋಡಿ ಹೊಂದಿಸಬೇಕು. ಮಧ್ಯದ ಛಾಯೆ ಎಂದರೆ ಬಿದ್ದ ಬೆಳಕಿನ ಶೇ 18ರಷ್ಟನ್ನು ಹಿಂದಿರುಗಿಸುವ ಬೂದು. ಸಾಧಾರಣ ಪರದೆಯ ಎಸ್‌ಆರ್‌ಜಿಬಿ ಅಳತೆಯಲ್ಲಿ ಅದು 255ಕ್ಕೆ ಸುಮಾರು 118ರಷ್ಟು ಬರುತ್ತದೆ. ಪೂರ್ಣ ಬಿಳಿಗಿಂತ ಸುಮಾರು ಎರಡೂವರೆ ಸ್ಟಾಪ್ ಕೆಳಗೆ. ಬಿಸಿಲಿಗೆ ಬಣ್ಣಗೆಟ್ಟ ಡಾಂಬರು ರಸ್ತೆ, ಹುಲ್ಲು, ಹಳೆಯ ಗ್ರಾನೈಟ್ ಕಲ್ಲು ಇವು ಇದರ ಆಸುಪಾಸಿನಲ್ಲಿರುವ ವಸ್ತುಗಳು.

ಕ್ರಮ ಹೀಗಿರಲಿ. ಚಿತ್ರವನ್ನು ಪೂರ್ತಿ ಕಾಣುವಂತೆ ಕಿರಿದಾಗಿಸಿ. ಪ್ರಖರ ಭಾಗಗಳು ಬಿಳಿಯಾಗುತ್ತಿವೆಯೇ ಎಂಬ ಚಿಂತೆಯನ್ನು ಸದ್ಯಕ್ಕೆ ಬದಿಗಿಡಿ. ಮುಖ್ಯ ವಸ್ತು ನೀವು ಅಲ್ಲಿ ನಿಂತು ಕಂಡಾಗಿನ ಪ್ರಕಾಶಕ್ಕೆ ಬರುವವರೆಗೆ ಸ್ಲೈಡರನ್ನು ಮೂರನೇ ಒಂದು ಸ್ಟಾಪಿನಷ್ಟು, ಎಂದರೆ ಸುಮಾರು 0.33ರಂತೆ ಏರಿಸಿ ಅಥವಾ ಇಳಿಸಿ. ಅಲ್ಲಿಗೆ ತಲುಪಿದೆನೆನಿಸಿದಾಗ ಬೇಕೆಂದೇ ಒಂದು ಸ್ಟಾಪ್ ಹೆಚ್ಚು ಮಾಡಿ, ಅನಂತರ ಒಂದು ಸ್ಟಾಪ್ ಕಡಿಮೆ ಮಾಡಿ ನೋಡಿ. ಎರಡು ತಪ್ಪುಗಳ ನಡುವೆ ಸರಿಯಾದುದು ಬೇಗ ಕಾಣುತ್ತದೆ. ಒಂದೇ ದಿಕ್ಕಿನಲ್ಲಿ ಎಳೆಯುತ್ತಾ ಹೋದರೆ ಕಣ್ಣು ಹೊಸ ಬೆಳಕಿಗೆ ಒಗ್ಗಿಕೊಂಡು ಇನ್ನಷ್ಟು ಬೇಕೆನ್ನುತ್ತದೆ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಮೊದಲನೆಯದು, ಎಕ್ಸ್‌ಪೋಷರ್ ಮಾಡ್ಯೂಲಿನಲ್ಲೇ ಇರುವ ಬ್ಲ್ಯಾಕ್ ಲೆವೆಲ್ ಕರೆಕ್ಷನ್ ಎಂಬ ಸ್ಲೈಡರಿನ ಬಗ್ಗೆ. ಚಿತ್ರಕ್ಕೆ ಗಾಢತೆ ಬರಲೆಂದು ಅದನ್ನು ಏರಿಸುವವರಿದ್ದಾರೆ. ಅದು ನೆರಳಿನ ಸಂಖ್ಯೆಗಳನ್ನು ಸೊನ್ನೆಗಿಂತ ಕೆಳಗೆ ತಳ್ಳುತ್ತದೆ, ಕಪ್ಪಿನ ಹತ್ತಿರದ ಬಣ್ಣಗಳು ವಿಕಾರವಾಗುತ್ತವೆ. ಗಾಢತೆ ಬೇಕಿದ್ದರೆ ಮುಂದಿನ ಹಂತದಲ್ಲಿ ಪಡೆಯಿರಿ, ಇದನ್ನು ಮುಟ್ಟಬೇಡಿ.

ಎರಡನೆಯದು, ಡಾರ್ಕ್‌ಟೇಬಲಿನ ಹಿಸ್ಟೋಗ್ರಾಮ್ ಬರೀ ನಕ್ಷೆಯಲ್ಲ. ಅದರ ಬಲಭಾಗವನ್ನು ಮೌಸಿನಿಂದ ಎಳೆದರೆ ಎಕ್ಸ್‌ಪೋಷರ್ ಬದಲಾಗುತ್ತದೆ, ಎಡತುದಿಯನ್ನು ಎಳೆದರೆ ಮೇಲೆ ಹೇಳಿದ ಬ್ಲ್ಯಾಕ್ ಲೆವೆಲ್ ಬದಲಾಗುತ್ತದೆ. ಅರಿಯದೆ ಕೈ ತಗುಲಿ ಚಿತ್ರ ಬದಲಾದರೆ ಎಡಬದಿಯ ಹಿಸ್ಟರಿ ಪಟ್ಟಿಯಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು.

ಮೂರನೆಯದು ತಂತ್ರಾಂಶಕ್ಕೆ ಸಂಬಂಧಿಸಿದ್ದಲ್ಲ. ನಮ್ಮಲ್ಲಿ ಮದುವೆ, ಮುಂಜಿಯ ಫೋಟೊಗಳಲ್ಲಿ ಮುಖ ಬೆಳ್ಳಗಾಗುವವರೆಗೂ ಎಕ್ಸ್‌ಪೋಷರ್ ಏರಿಸುವ ಚಾಳಿ ಬೇರೂರಿದೆ. ಕಂದು ಮೈಬಣ್ಣವನ್ನು ಒಂದು ಸ್ಟಾಪ್ ಮೇಲೆತ್ತಿದರೆ ಮೂಗು, ಹಣೆ, ಕೆನ್ನೆಯ ಮೇಲಿನ ಬೆಳಕುನೆರಳಿನ ಇಳಿಜಾರು ಅಳಿಸಿಹೋಗಿ ಮುಖ ಚಪ್ಪಟೆಯಾಗುತ್ತದೆ, ರೇಷ್ಮೆ ಸೀರೆಯ ಜರಿ ಬಿಳಿಗೆರೆಯಾಗಿ ಉಳಿಯುತ್ತದೆ. ಆ ವ್ಯಕ್ತಿಯ ಮುಖ ಇರುವ ಬಣ್ಣದಲ್ಲೇ ಕಾಣಲಿ. ಅದಕ್ಕಾಗಿಯೇ ಅಲ್ಲವೇ ರಾ ಫೈಲಿನಲ್ಲಿ ಅಷ್ಟೊಂದು ಛಾಯೆಗಳನ್ನು ಉಳಿಸಿಕೊಂಡಿರುವುದು.

7. ತುದಿಗಳನ್ನು ಕರ್ವಿನಿಂದ ಹಿಡಿಯಿರಿ

ಮಧ್ಯದ ಛಾಯೆ ಸರಿಹೋದ ಮೇಲೆ ಆಕಾಶ ಬಿಳಿಯಾಗಿದ್ದರೆ ಎಕ್ಸ್‌ಪೋಷರನ್ನು ಮತ್ತೆ ಇಳಿಸಬೇಡಿ. ಡಾರ್ಕ್‌ಟೇಬಲಿನ ಫಿಲ್ಮಿಕ್ ಆರ್‌ಜಿಬಿ ಎಂಬ ಟೋನ್ ಕರ್ವ್ ಮಾಡ್ಯೂಲಿನಲ್ಲಿ ವೈಟ್ ರಿಲೇಟಿವ್ ಎಕ್ಸ್‌ಪೋಷರ್ ಎಂಬ ಸ್ಲೈಡರ್ ಇದೆ. ಮಧ್ಯದ ಬೂದಿನಿಂದ ಎಷ್ಟು ಸ್ಟಾಪ್ ಮೇಲಿರುವುದನ್ನು ಬಿಳಿಯೆಂದು ತಿಳಿಯಬೇಕು ಎಂದು ಅದು ತಂತ್ರಾಂಶಕ್ಕೆ ಹೇಳುತ್ತದೆ. ಅದನ್ನು ಏರಿಸಿದಂತೆ ಮೋಡದ ವಿವರಗಳು ಮರಳುತ್ತವೆ, ಮಧ್ಯದ ಛಾಯೆ ಕದಲುವುದಿಲ್ಲ. ಬ್ಲ್ಯಾಕ್ ರಿಲೇಟಿವ್ ಎಕ್ಸ್‌ಪೋಷರ್ ಎಂಬುದು ಕತ್ತಲ ತುದಿಗೆ ಇದೇ ಕೆಲಸ ಮಾಡುತ್ತದೆ. ಫಿಲ್ಮಿಕ್ ಬದಲು ಸಿಗ್ಮಾಯ್ಡ್ ಎಂಬ ಇನ್ನೊಂದು ಕರ್ವ್ ಮಾಡ್ಯೂಲ್ ಬಳಸುವವರಿಗೆ ಕಾಂಟ್ರಾಸ್ಟ್ ಮತ್ತು ಸ್ಕ್ಯೂ ಎಂಬ ಎರಡೇ ಮುಖ್ಯ ಸ್ಲೈಡರುಗಳು ಸಾಕಾಗುತ್ತವೆ. ಹೊಸಬರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಇವೆರಡನ್ನೂ ಒಂದೇ ಫೋಟೊಕ್ಕೆ ಒಟ್ಟಿಗೆ ಹಾಕಬಾರದು.

ಲೈಟ್‌ರೂಮಿನಲ್ಲಿ ಹೈಲೈಟ್ಸ್, ಶ್ಯಾಡೋಸ್, ವೈಟ್ಸ್, ಬ್ಲ್ಯಾಕ್ಸ್ ಸ್ಲೈಡರುಗಳು ಈ ಪಾತ್ರ ವಹಿಸುತ್ತವೆ. ವೈಟ್ಸ್ ಎಳೆಯುವಾಗ ವಿಂಡೋಸಿನಲ್ಲಿ ಆಲ್ಟ್, ಮ್ಯಾಕಿನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದರೆ ಪರದೆ ಕಪ್ಪಾಗಿ, ಕ್ಲಿಪ್ ಆಗುತ್ತಿರುವ ಜಾಗಗಳು ಮಾತ್ರ ಬೆಳಗುತ್ತವೆ. ಚಿತ್ರದಲ್ಲಿ ಎಲ್ಲೂ ಬಿಳಿ ಇರಬಾರದೆಂಬ ಹಟ ಬೇಡ. ದೀಪದ ಕುಡಿ, ನೀರಿನ ಮೇಲಿನ ಮಿಂಚು, ಕಂಚಿನ ಪಾತ್ರೆಯ ಹೊಳಪು ಇವು ಬಿಳಿಯಾಗಿಯೇ ಇರಬೇಕು. ಅವನ್ನು ಬೂದು ಮಾಡಿದರೆ ಫೋಟೊ ಜೀವ ಕಳೆದುಕೊಳ್ಳುತ್ತದೆ.

8. ನೆರಳನ್ನು ಎಷ್ಟು ಎತ್ತಬಹುದು

ಬೆಳಕು ಕಣಗಳಾಗಿ ಬರುತ್ತದೆ, ಮತ್ತು ಆ ಎಣಿಕೆಯಲ್ಲಿ ಏರುಪೇರು ಇದ್ದೇ ಇರುತ್ತದೆ. ಏರುಪೇರಿನ ಪ್ರಮಾಣ ಎಣಿಕೆಯ ವರ್ಗಮೂಲದಷ್ಟು. ಒಂದು ಬಿಂದುವಿನಲ್ಲಿ 10,000 ಕಣಗಳು ಎಣಿಕೆಯಾದರೆ ಏರುಪೇರು 100, ಎಂದರೆ ಶೇ 1. ಕೇವಲ 100 ಕಣಗಳು ಎಣಿಕೆಯಾದಲ್ಲಿ ಏರುಪೇರು 10, ಎಂದರೆ ಶೇ 10. ನೆರಳಿನಲ್ಲಿ ಕಾಣುವ ಮರಳುಮರಳಾದ ನಾಯ್ಸ್ ಬಹುಮಟ್ಟಿಗೆ ಇದೇ. ಸ್ಲೈಡರ್ ಇದನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಕಾಣಿಸದೆ ಇದ್ದುದನ್ನು ಕಾಣಿಸುತ್ತದೆ.

ಯಕ್ಷಗಾನದ ರಾತ್ರಿ ಆಟದ ಫೋಟೊಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹಳದಿ ದೀಪಗಳ ಕೆಳಗೆ ನೀಲಿ ಬೆಳಕೇ ಕಡಿಮೆ, ಹಾಗಾಗಿ ವೈಟ್ ಬ್ಯಾಲೆನ್ಸಿಗಾಗಿ ನೀಲಿ ಚಾನೆಲನ್ನು ಬಹಳ ಗುಣಿಸಬೇಕಾಗುತ್ತದೆ. ಅದರ ಮೇಲೆ ನಾವು ಎರಡು ಮೂರು ಸ್ಟಾಪ್ ಎತ್ತಿದರೆ ವೇಷದ ಕಪ್ಪು ಬಟ್ಟೆಯ ಮಡಿಕೆಗಳಲ್ಲಿ ನೀಲಿ-ನೇರಳೆ ಕಲೆಗಳು ಏಳುತ್ತವೆ. ಆದ್ದರಿಂದ ನೆರಳು ಎತ್ತಿದ ಮೇಲೆ ಚಿತ್ರವನ್ನು ಶೇ 100ಕ್ಕೆ ಹಿಗ್ಗಿಸಿ ಮೂಲೆ ಮೂಲೆ ನೋಡಿ. ಅಡ್ಡಗೆರೆ ಅಥವಾ ಬಣ್ಣದ ಕಲೆ ಕಂಡರೆ ಅರ್ಧ ಸ್ಟಾಪ್ ಇಳಿಸಿ. ರಂಗಸ್ಥಳದ ಹಿಂದಿನ ಕತ್ತಲು ಕತ್ತಲಾಗಿಯೇ ಇದ್ದರೆ ನಷ್ಟವೇನೂ ಇಲ್ಲ. ಕಿರೀಟ ಮತ್ತು ಮುಖವರ್ಣಿಕೆ ಎದ್ದು ಕಾಣುವುದು ಆ ಕತ್ತಲಿನಿಂದಲೇ.

9. ಉಳಿದ ಫೋಟೊಗಳಿಗೆ ಹಂಚುವುದು

ಒಂದೇ ಬೆಳಕಿನಲ್ಲಿ, ಮ್ಯಾನುಯಲ್ ವಿಧಾನದಲ್ಲಿ ತೆಗೆದ ಸಾಲು ಫೋಟೊಗಳಿದ್ದರೆ ಒಂದಕ್ಕೆ ಹೊಂದಿಸಿದ್ದನ್ನು ಉಳಿದವಕ್ಕೆ ನಕಲಿಸಬಹುದು. ಡಾರ್ಕ್‌ಟೇಬಲಿನ ಸೆಲೆಕ್ಟಿವ್ ಕಾಪಿ ಬಳಸಿ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಕರ್ವ್ ಇಷ್ಟನ್ನೇ ಆರಿಸಿಕೊಳ್ಳಿ. ಎಲ್ಲವನ್ನೂ ನಕಲಿಸಿದರೆ ಒಂದು ಫೋಟೊದ ಕ್ರಾಪ್ ಎಲ್ಲಕ್ಕೂ ಹೋಗಿ ಕೂರುತ್ತದೆ. ಕ್ಯಾಮೆರಾ ತಾನಾಗಿ ಎಕ್ಸ್‌ಪೋಷರ್ ಬದಲಿಸುತ್ತಾ ಹೋದ ಸಾಲಿಗೆ ಒಂದೇ ಸಂಖ್ಯೆ ಹೊಂದುವುದಿಲ್ಲ, ಒಂದೊಂದನ್ನೂ ತೆರೆದು ನೋಡಬೇಕು. ಟೈಮ್‌ಲ್ಯಾಪ್ಸ್ ಸಾಲುಗಳಿಗಾಗಿ ಎಕ್ಸ್‌ಪೋಷರ್ ಮಾಡ್ಯೂಲಿನಲ್ಲಿ ಪ್ರತ್ಯೇಕವಾದ ಸ್ವಯಂ ವಿಧಾನವೇ ಇದೆ.

10. ಬೇರೆ ಕಂಪ್ಯೂಟರಿನಲ್ಲಿ ತೆರೆಯುವಾಗ

ಇಷ್ಟೆಲ್ಲ ಹೊಂದಿಸಿದ ಮೇಲೆ ರಾ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಇನ್ನೊಂದು ಕಡೆ ತೆರೆದರೆ ಮತ್ತೆ ಹಳೆಯ ಮಂಕು ಫೋಟೊವೇ ಕಾಣುತ್ತದೆ ಎಂಬ ದೂರೂ ಆಗಾಗ ಬರುತ್ತದೆ. ನಿಮ್ಮ ಬದಲಾವಣೆಗಳು ರಾ ಫೈಲಿನೊಳಗಿಲ್ಲ. ಡಾರ್ಕ್‌ಟೇಬಲ್ ಅವನ್ನು ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನ ಕೊನೆಗೆ ಎಕ್ಸ್‌ಎಂಪಿ ಎಂದು ಸೇರಿಸಿದ ಸಣ್ಣ ಫೈಲಿನಲ್ಲಿ ಬರೆಯುತ್ತದೆ. ರಾ ಫೈಲಿನ ಜೊತೆಗೆ ಅದನ್ನೂ ಒಯ್ಯಬೇಕು. ಲೈಟ್‌ರೂಮ್ ಕ್ಲಾಸಿಕ್ ಮೊದಲಿಗೆ ತನ್ನ ಕ್ಯಾಟಲಾಗಿನಲ್ಲಿ ಮಾತ್ರ ಬರೆದುಕೊಳ್ಳುತ್ತದೆ. ಫೋಟೊಗಳನ್ನು ಆರಿಸಿ ವಿಂಡೋಸಿನಲ್ಲಿ ಕಂಟ್ರೋಲ್ ಮತ್ತು ಎಸ್, ಮ್ಯಾಕಿನಲ್ಲಿ ಕಮಾಂಡ್ ಮತ್ತು ಎಸ್ ಒತ್ತಿದರೆ ಎಕ್ಸ್‌ಎಂಪಿ ಫೈಲನ್ನೂ ಬರೆಯುತ್ತದೆ. ಒಂದು ತಂತ್ರಾಂಶದ ಎಕ್ಸ್‌ಎಂಪಿಯಲ್ಲಿರುವ ಎಕ್ಸ್‌ಪೋಷರ್ ಸಂಖ್ಯೆ ಇನ್ನೊಂದು ತಂತ್ರಾಂಶದಲ್ಲಿ ಅದೇ ಪ್ರಕಾಶ ಕೊಡುತ್ತದೆಂದು ನಂಬಬೇಡಿ. ನೀವು ಕಂಡಂತೆಯೇ ಇನ್ನೊಬ್ಬರಿಗೂ ಕಾಣಬೇಕಿದ್ದರೆ ಎಸ್‌ಆರ್‌ಜಿಬಿ ಬಣ್ಣದ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಕಳುಹಿಸುವ ಮೊದಲು ಅದನ್ನು ನಿಮ್ಮ ಫೋನಿನಲ್ಲೂ ಒಮ್ಮೆ ತೆರೆದು ನೋಡಿ.